ನನ್ನದಲ್ಲದ ಹೂವು

ನಾನು ಒಂದು ಬಳ್ಳಿ. ಬಳ್ಳಿಯೆಂದ ಮೇಲೆ ಬೇಲಿ ಹತ್ತಬೇಕು, ಗಾಳಿಗೆ ತೂಗಬೇಕು ಎಂದು ನೀವು ಹೇಳಬಹುದು. ಸರಿ, ಒಪ್ಪಿದೆ. ಆದರೆ ನಾನು ದಪ್ಪನೆಯ ಬಿಳಿ ಹಾಳೆಯೊಂದರ ಮೇಲೆ ಅಂಗಾತ ಮಲಗಿ ನಾಲ್ಕು ದಶಕಗಳಾದವು. ಕಾಂಡಕ್ಕೂ ಎಲೆಗಳಿಗೂ ಅಲ್ಲಲ್ಲಿ ಅಂಟುಪಟ್ಟಿ ಬಿಗಿದಿದ್ದಾರೆ. ಮೈಬಣ್ಣ ಹಳೆಯ ಬೆಲ್ಲದ್ದು. ಗಿಡಗಳನ್ನು ಹೀಗೆ ಒಣಗಿಸಿ, ಹಾಳೆಗೆ ಹಚ್ಚಿ, ಹೆಸರು ಬರೆದು ಕಪಾಟಿನಲ್ಲಿಡುವ ಜಾಗಕ್ಕೆ ಹರ್ಬೇರಿಯಂ ಎನ್ನುತ್ತಾರೆ. ನಮ್ಮದು ಹಳೆಯ ಕಾಲೇಜೊಂದರ ಹಿಂಭಾಗದ ಕೋಣೆ. ಅಲ್ಲಿ ಡಾಂಬರು ಗುಳಿಗೆಯ ವಾಸನೆ ಬಿಟ್ಟರೆ ಬೇರೆ ಗಾಳಿಯೇ ಇಲ್ಲ.

ನನ್ನ ಹಾಳೆಯ ಮೇಲ್ಭಾಗದಲ್ಲಿ ಒಂದು ಹೂವನ್ನೂ ಅಂಟಿಸಿದ್ದರು. ಬಂದವರೆಲ್ಲ ಆ ಹೂವನ್ನು ನೋಡಿಯೇ ನಾನು ಯಾರ ಮನೆಯದೆಂದು ಹೇಳುತ್ತಿದ್ದರು. ಆ ಹೂವು ನನ್ನದಲ್ಲ. ನನ್ನ ಕತೆ ಇಷ್ಟೇ. ಆದರೆ ಈ ಒಂದು ಮಾತು ಹೇಳಲು ಬಾಯಿಲ್ಲದೆ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ.

ಹುಟ್ಟಿದ್ದು ಬಾದಾಮಿಯ ಕಡೆಗೆ, ಗಿಳಿಕಲ್ಲ ಗುಡ್ಡವೆಂಬ ಕೆಂಪು ಬಂಡೆಗಳ ಗುಡ್ಡದ ಮೇಲೆ. ನಮ್ಮವ್ವನ ಕಾಯಿ ಬಿಸಿಲಿಗೆ ಸಿಡಿದು ಬಾಯಿ ಬಿಟ್ಟಾಗ ನಾನು ಬೀಜವಾಗಿ ಹೊರಬಿದ್ದೆ. ತಲೆಯ ಮೇಲೆ ಬೆಳ್ಳನೆಯ ರೇಷ್ಮೆಯ ಜುಟ್ಟು. ಗಾಳಿ ಆ ಜುಟ್ಟು ಹಿಡಿದು ನನ್ನನ್ನು ಎತ್ತಿಕೊಂಡು ಹೋಗಿ ಎರಡು ಬಂಡೆಗಳ ನಡುವಿನ ಬಿರುಕಿನಲ್ಲಿ ಇಳಿಸಿತು. ಮೊದಲ ಮಳೆಗೆ ಮೊಳೆತೆ. ಮುಂದಿನ ಮಳೆಗಾಲದಲ್ಲಿ ಪಕ್ಕದ ಕವಳಿ ಕಂಟಿಯನ್ನು ಹಿಡಿದು ಮೇಲೆ ಹತ್ತಿದೆ. ಮುಳ್ಳು ಚುಚ್ಚುತ್ತಿತ್ತು, ನಿಜ. ಆದರೆ ಮುಳ್ಳಿರುವ ಕಡೆ ಆಡು ಬಾಯಿ ಹಾಕುವುದಿಲ್ಲ. ಕಂಟಿಯ ಆಚೆಗೆ ಪಾವಟೆಯ ಗಿಡವೊಂದು ಮೈತುಂಬ ಬಿಳಿ ಹೂವು ಬಿಟ್ಟುಕೊಂಡು ನಿಂತಿತ್ತು. ಅದಕ್ಕೂ ನನಗೂ ನೆಂಟಸ್ತಿಕೆಯೂ ಇಲ್ಲ, ಜಗಳವೂ ಇಲ್ಲ.

ನಮ್ಮ ಮನೆತನದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಮುಂದಿನದು ತಿಳಿಯಬೇಕಾದರೆ ಅದು ಬೇಕು. ನಮ್ಮದು ಎಕ್ಕದ ಕುಟುಂಬ. ಎಕ್ಕ, ಸೊಗದೆ, ಮಧುನಾಶಿನಿ ಎಲ್ಲ ನಮ್ಮವರೇ. ಎಲೆಗಳು ಜೋಡಿ ಜೋಡಿಯಾಗಿ ಎದುರುಬದುರು ಕೂರುತ್ತವೆ. ಎಲ್ಲಿ ಮುರಿದರೂ ಹಾಲು. ಹೂವು ಸಣ್ಣದಿರಲಿ, ದೊಡ್ಡದಿರಲಿ, ಅದರ ನಟ್ಟನಡುವೆ ಒಂದು ಪುಟ್ಟ ಕಿರೀಟ ಇರುತ್ತದೆ. ಪರಾಗವನ್ನು ಬೇರೆ ಹೂಗಳ ಹಾಗೆ ಹುಡಿ ಹುಡಿಯಾಗಿ ಚೆಲ್ಲುವ ದುಂದುಗಾರರು ನಾವಲ್ಲ. ಎರಡು ಚೀಲಗಳಲ್ಲಿ ಕಟ್ಟಿ, ಎರಡನ್ನೂ ಒಂದು ಕೊಕ್ಕೆಗೆ ಸಿಕ್ಕಿಸಿ ಇಟ್ಟಿರುತ್ತೇವೆ. ಹೂವಿಗೆ ಬಂದ ನೊಣದ ಕಾಲಿಗೆ ಕೊಕ್ಕೆ ಸಿಕ್ಕಿಕೊಂಡು ಚೀಲದ ಜೋಡಿಯೇ ಅದರ ಜೊತೆ ಪ್ರಯಾಣ ಹೊರಡುತ್ತದೆ. ಇಂಥ ಏರ್ಪಾಡು ಪಾವಟೆಯಂಥವರ ಮನೆಯಲ್ಲಿ ಎಲ್ಲಿಂದ ಬರಬೇಕು? ಪಾವಟೆಯದು ಕಾಫಿಯ ಕುಟುಂಬ. ಅವರಿಗೂ ಎಲೆ ಎದುರುಬದುರೇ. ಆದರೆ ಎರಡು ಎಲೆಗಳ ತೊಟ್ಟಿನ ನಡುವೆ ಸಣ್ಣ ಹುರುಪೆಯಂಥದ್ದು ಅಂಟಿಕೊಂಡಿರುತ್ತದೆ, ಬೀಜಕೋಶ ಎಸಳುಗಳಿಂದ ಕೆಳಗಿರುತ್ತದೆ, ಹಾಲಂತೂ ಇಲ್ಲವೇ ಇಲ್ಲ.

ಆ ಶ್ರಾವಣದಲ್ಲಿ ನನಗೆ ಮೊದಲ ಮೊಗ್ಗು ಬಂದಿದ್ದವು. ಸಾಸಿವೆಗಿಂತ ತುಸು ದೊಡ್ಡವು, ಮಬ್ಬು ಹಸಿರು. ಇನ್ನೇನು ಅರಳಬೇಕು, ಅಷ್ಟರಲ್ಲಿ ಕಾಲೇಜಿನ ಮಕ್ಕಳ ತಂಡ ಗುಡ್ಡ ಹತ್ತಿ ಬಂತು. ಮುಂದೆ ಹಲಗತ್ತಿ ಸರ್, ದೊಡ್ಡ ಮೀಸೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಮಸೂರ. ಸಸ್ಯಶಾಸ್ತ್ರದ ಪ್ರೊಫೆಸರ್. ಹಿಂದೆ ಹುಡುಗ ಹುಡುಗಿಯರು. ಅವರಲ್ಲೊಬ್ಬಳು ನನ್ನ ಬಂಡೆಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು. ಹೆಸರು ಕಾಶೀಬಾಯಿ. ಗುಳೇದಗುಡ್ಡದ ನೇಕಾರರ ಮಗಳು. ಅವಳು ಬುಡದಲ್ಲಿ ಚಾಕು ಹಾಕಿದಳು. ನೋವಾಯಿತೇ ಎಂದು ಕೇಳಬೇಡಿ, ಆ ಮಾತು ಈಗ ಯಾಕೆ.

"ಅಯ್ಯ, ಇದರಾಗೂ ಹಾಲು ಐತಲ್ಲ!" ಎಂದು ತನಗೆ ತಾನೇ ಹೇಳಿಕೊಂಡು ಬೆರಳನ್ನು ಲಂಗಕ್ಕೆ ಒರೆಸಿದಳು.

ಆ ಮಾತನ್ನು ಕೇಳಿದವನು ನಾನೊಬ್ಬನೇ. ಅವಳ ಗೆಳತಿಯರೆಲ್ಲ ಮುಂದೆ ಹೋಗಿಬಿಟ್ಟಿದ್ದರು.

ಗುಡ್ಡದ ಬುಡದ ಊರಿನ ಶಾಲೆಯಲ್ಲಿ ಅವರ ವಸತಿ. ಅಲ್ಲಿ ನಮ್ಮನ್ನೆಲ್ಲ ಹಳೆಯ ಪತ್ರಿಕೆಗಳ ಮಡಿಕೆಯೊಳಗೆ ಹಾಕಿ, ಒಂದರ ಮೇಲೊಂದು ಪೇರಿಸಿ, ಎರಡು ಮರದ ಚೌಕಟ್ಟುಗಳ ನಡುವೆ ಇಟ್ಟು ಪಟ್ಟಿ ಬಿಗಿದರು. ನನ್ನ ಮೇಲೆ ಯಾರದೋ ಚುನಾವಣೆಯ ಭಾಷಣ, ಕೆಳಗೆ ಸೀರೆಯ ಜಾಹೀರಾತು. ನನ್ನ ನೆತ್ತಿಯ ಮೇಲಿನ ಮಡಿಕೆಯಲ್ಲಿ ಪಾವಟೆಯ ಗೊಂಚಲು. ನನ್ನ ಹಾಲೆಲ್ಲ ಆ ಪತ್ರಿಕೆ ಕುಡಿಯಿತು. ದಿನಾ ಬೆಳಗ್ಗೆ ಒದ್ದೆ ಕಾಗದ ತೆಗೆದು ಒಣ ಕಾಗದ ಹಾಕಬೇಕು, ಇಲ್ಲದಿದ್ದರೆ ಗಿಡಕ್ಕೆ ಬೂಸ್ಟು ಹಿಡಿಯುತ್ತದೆ. ಹಾಗೆ ಕಾಗದ ಬದಲಿಸುವಾಗಲೇ ನನ್ನ ಗ್ರಹಚಾರ ವಕ್ರಿಸಿದ್ದು. ಪಾವಟೆಯ ಮಡಿಕೆ ಎತ್ತುವಾಗ ಅದರಿಂದ ಒಂದು ಹೂವು ಕಳಚಿ ನನ್ನ ಮಡಿಕೆಯೊಳಗೆ ಜಾರಿತು. ನನ್ನ ಮೊಗ್ಗುಗಳೋ, ಅದಾಗಲೇ ಉದುರಿ ಹಾಲು ಕುಡಿದ ಆ ಹಳೆಯ ಕಾಗದದ ಜೊತೆ ಒಲೆಗೆ ಹೋಗಿದ್ದವು. ಒಂದೇ ಒಂದು ಮೊಗ್ಗು ಎಲೆಯ ಬುಡಕ್ಕೆ ಕಚ್ಚಿಕೊಂಡು ಉಳಿದಿತ್ತು.

ಕಾಶೀಬಾಯಿ ನನ್ನ ಮಡಿಕೆ ಬಿಚ್ಚಿದವಳೇ, "ಸರ, ಇದರ ಹೂವು ಕಳಚಿ ಬಿದ್ದದರೀ" ಎಂದು ಕೂಗಿದಳು.

"ಜೋಪಾನ, ಜೋಪಾನ! ಅದರ ಮಡಿಕಿಯೊಳಗ ಸಿಕ್ಕದ್ದು ಅದರದಽ. ಪೊಟ್ಟಣ ಕಟ್ಟಿ ಜೊತಿಗೆ ಇಡು," ಎಂದರು ಸರ್.

ಅದು ಅವರ ಪದ್ಧತಿ. ಕಳಚಿದ್ದು ಯಾರ ಮಡಿಕೆಯಲ್ಲಿ ಸಿಕ್ಕಿತೋ ಅವರದ್ದೇ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಸರಿಯೇ. ಆ ಉಳಿದ ಒಂದು ಸಲ ನನ್ನ ಪಾಲಿಗೆ ಬಂತು, ಇನ್ನೇನು ಹೇಳಲಿ!

ಕಾಲೇಜಿಗೆ ಬಂದ ಮೇಲೆ ನನ್ನನ್ನು ಹಾಳೆಗೆ ಹಚ್ಚಿದರು. ಉಳಿದ ಆ ಒಂದು ಮೊಗ್ಗಿನ ಮೇಲೆಯೇ ಅಂಟುಪಟ್ಟಿ ಕೂತಿತು, ಅದು ಯಾರ ಕಣ್ಣಿಗೂ ಬೀಳಲಿಲ್ಲ. ಮೇಲೆ ಆ ಪರಕೀಯ ಹೂವನ್ನು ಚೆಂದಾಗಿ ಅಂಟಿಸಿದರು. ಹಲಗತ್ತಿ ಸರ್ ಬಂದು ನನ್ನ ಮೇಲೆ ಬಗ್ಗಿದರು. ನಾನು ನೋಡಿದ್ದು ಕೆಳಗಿನಿಂದ: ಮೀಸೆ, ಮೂಗಿನ ಹೊಳ್ಳೆ, ಮಸೂರದಾಚೆ ಆನೆಕಣ್ಣಿನಷ್ಟು ದೊಡ್ಡದಾದ ಒಂದು ಕಣ್ಣು. ಮಕ್ಕಳಿಗೆ ಅವರು ಯಾವಾಗಲೂ ಹೇಳುತ್ತಿದ್ದ ಮಾತೊಂದಿತ್ತು: "ಎಲಿ ನೋಡಿ ಕುಟುಂಬ ಹೇಳಬ್ಯಾಡ್ರಿ. ಎಲಿ ಸುಳ್ಳು ಹೇಳತಾವು. ಹೂವಿನೊಳಗ ಹೋಗ್ರಿ." ಒಳ್ಳೆಯ ಮಾತೇ. ಅವರು ಹೂವಿನೊಳಗೇ ಹೋದರು.

"ಎಸಳು ನಾಕು. ಎಲ್ಲಾ ಕೂಡಿ ಕೊಳವಿ ಆಗ್ಯಾವು. ಬೀಜಕೋಶ ಕೆಳಗ. ಕಾಫಿ ಕುಟುಂಬ ಇದು! ಆದರ ಈ ಕುಟುಂಬದಾಗ ಇಂಥಾ ಎಲಿ, ಇಂಥಾ ಬಳ್ಳಿ ನಾ ಎಲ್ಲೂ ನೋಡಿಲ್ಲ."

ನೋಡಿರಲು ಹೇಗೆ ಸಾಧ್ಯ? ಅಂಥದ್ದು ಭೂಮಿಯ ಮೇಲೆ ಇದ್ದರಲ್ಲವೇ!

ಕಾಶೀಬಾಯಿ ಮೆಲ್ಲಗೆ ಬಾಯಿ ತೆರೆದಳು. "ಸರ, ಇದನ್ನ ಕೊಯ್ದಾಗ ಹಾಲು ಬಂದಿತ್ತರೀ."

ಹೇಳವ್ವಾ, ಹೇಳು, ಬಿಡಬೇಡ ಎಂದು ನಾನು ಒಳಗೊಳಗೇ ಕೂಗಿಕೊಂಡೆ.

"ಕಾಫಿ ಕುಟುಂಬದಾಗ ಎಲ್ಲಿಯ ಹಾಲು? ಕಾಫಿಗೆ ಹಾಲು ನಾವು ಹಾಕೂದು," ಎಂದರು ಸರ್. ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಸರ್ ಕೂಡ ನಕ್ಕು, ಆಮೇಲೆ ಮೃದುವಾಗಿ ಹೇಳಿದರು: "ಅವತ್ತು ಎಕ್ಕಿ ಗಿಡಾನೂ ಮುರದಿದ್ದಿ ತಂಗಿ. ಆ ಹಾಲು ಕೈಗೆ ಹತ್ತಿರಬೇಕು."

ಅವಳು ತನ್ನ ಬೆರಳನ್ನು ನೋಡಿಕೊಂಡಳು. "ಹೌದ ಇರಬೇಕ್ರಿ" ಎಂದಳು.

ಎಲೆಗಳ ನಡುವಿನ ಹುರುಪೆ ಎಲ್ಲಿ ಎಂದು ಸರ್ ತಾವೇ ಹುಡುಕಿದರು. ಸಿಗಲಿಲ್ಲ. "ಉದುರ್ಯಾವು" ಎಂದು ತಾವೇ ಸಮಾಧಾನ ಹೇಳಿಕೊಂಡರು. ಆಸೆ ಹುಟ್ಟಿದವರಿಗೆ ಸಮಾಧಾನಕ್ಕೇನು ಬರ. ಸ್ವಲ್ಪ ಕಾಲದಲ್ಲೇ ನಾನು ಜಗತ್ತಿಗೇ ಹೊಸದಾದ ಪ್ರಭೇದವೆಂದು ಅಚ್ಚಾಯಿತು. ಕೊಯ್ದವಳ ಹೆಸರಿಗೇ ಲ್ಯಾಟಿನ್ನಿನ ಬಾಲ ಹಚ್ಚಿ ನನಗೆ ಇಟ್ಟರು. ಸರ್ ತಮ್ಮ ಹೆಸರು ಇಟ್ಟುಕೊಳ್ಳಬಹುದಿತ್ತು, ಇಟ್ಟುಕೊಳ್ಳಲಿಲ್ಲ. ಆ ಮನುಷ್ಯನನ್ನು ಬೈಯುವುದಕ್ಕೂ ನನಗೆ ಮನಸ್ಸು ಬರುವುದಿಲ್ಲ, ಅದೇ ಸಂಕಟ.

ಕಾಶೀಬಾಯಿಯ ಅಪ್ಪ ಗುಳೇದಗುಡ್ಡದಿಂದ ಬಸ್ಸು ಹಿಡಿದು ಬಂದರು. ಟೋಪಿ ತೆಗೆದು ಕೈಯಲ್ಲಿ ಹಿಡಿದು ನನ್ನನ್ನು ಹೊತ್ತುಗಟ್ಟಲೆ ನೋಡಿದರು.

"ಇದನ್ನ ತಿನ್ನತಾರೇನ್ರಿ ಸಾಹೇಬರ?"

"ಇಲ್ಲ."

"ಔಷಧಕ್ಕೇನರ?"

"ಇಲ್ಲ ಯಜಮಾನರ. ನಿಮ್ಮ ಮಗಳ ಹೆಸರು ಹೇಳತೈತಿ, ಅಷ್ಟಽ."

ಅವರ ಕಣ್ಣು ತುಂಬಿ ಬಂತು. ತಾವೇ ನೇಯ್ದ ಖಣವೊಂದನ್ನು ಮಡಿಕೆ ಬಿಚ್ಚದೆ ನನ್ನ ಪಕ್ಕದಲ್ಲಿ ಮೇಜಿನ ಮೇಲಿಟ್ಟರು, ಸರ್ ಅವರ ಹೆಂಡತಿಗೆಂದು. ಕಾಶೀಬಾಯಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವಳ ಮನೆತನದಲ್ಲಿ ಯಾರ ಹೆಸರೂ ಪುಸ್ತಕದಲ್ಲಿ ಅಚ್ಚಾಗಿರಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ವನವಾಸ. ಕಾಫಿ ಕುಟುಂಬದ ಕಪಾಟಿನ ಮೇಲಿನ ಅಂಕಣದಲ್ಲಿ, ಕೆಂಪು ಅಂಚಿನ ಬೇರೆ ರಟ್ಟಿನ ಹೊದಿಕೆಯಲ್ಲಿ, ನಾನೊಬ್ಬನೇ. ಹೊಸ ಪ್ರಭೇದವೆಂದರೆ ಹಾಗೆಯೇ, ಜೊತೆಗೆ ಯಾರೂ ಇರುವುದಿಲ್ಲ. ಅಕ್ಕಪಕ್ಕದ ಹೊದಿಕೆಗಳಲ್ಲಿ ಕೇಪಳ, ಮಂಜಿಷ್ಠ. ಅವರವರ ಮಾತು ಅವರವರಿಗೆ. ನೆಂಟರ ಮದುವೆಗೆ ಹೊರಟು, ತಪ್ಪಿ ಬೇರೆ ಚಪ್ಪರಕ್ಕೆ ಹೋಗಿ ಕೂತವನ ಹಾಗಿತ್ತು ನನ್ನ ಸ್ಥಿತಿ. ಊಟ ಬಡಿಸುತ್ತಾರೆ, ಆದರೆ ಯಾವಾಗ ಎಬ್ಬಿಸುತ್ತಾರೋ ಎಂದು ಗಂಟಲಲ್ಲಿ ಇಳಿಯುವುದಿಲ್ಲ. ಎದುರಿನ ಗೋಡೆಗೆ ಎಕ್ಕದ ಕಪಾಟು. ಅದರ ಬಾಗಿಲು ತೆರೆದಾಗಲೆಲ್ಲ ನಮ್ಮವರ ಹೊದಿಕೆಗಳ ಸಪ್ಪಳ ಕೇಳಿಸುತ್ತಿತ್ತು. ನಡುವೆ ಹತ್ತು ಹೆಜ್ಜೆಯೂ ಇಲ್ಲ. ನಡೆಯಲು ಕಾಲಿರಬೇಕಲ್ಲ!

ಸಿಟ್ಟನ್ನೆಲ್ಲ ಆ ಹೂವಿನ ಮೇಲೆ ತೀರಿಸಿಕೊಂಡೆ. ಹಗಲೆಲ್ಲ ಅದಕ್ಕೆ ಬೈದೆ. ಕಳ್ಳ ಹೂವೇ, ನಿನ್ನ ಮನೆ ಬಿಟ್ಟು ನನ್ನ ಮಡಿಕೆಗೆ ಯಾಕೆ ಬಿದ್ದೆ ಎಂದೆ. ನಿನ್ನ ಸೊಟ್ಟ ಕೊಳವೆ ನನಗೆ ಯಾವ ಕರ್ಮಕ್ಕೆ ಎಂದೆ. ಅದರ ನಾಲ್ಕು ಎಸಳೂ ಒಣಗಿ ಚಹಾಪುಡಿಯ ಬಣ್ಣಕ್ಕೆ ತಿರುಗಿದವು. ಅದರ ಗೊಂಚಲು, ಅದರ ಅಕ್ಕತಂಗಿಯರು ಕೆಳಗಿನ ಅಂಕಣದಲ್ಲೇ ಇದ್ದಾರೆ ಎಂಬುದು ನನಗೆ ಹೊಳೆದದ್ದು ಬಹಳ ಕಾಲದ ಮೇಲೆ. ಅದೂ ನನ್ನ ಹಾಗೆಯೇ ಮನೆ ತಪ್ಪಿದ್ದು. ಆಮೇಲೆ ಬೈಯುವುದನ್ನು ನಿಲ್ಲಿಸಿದೆ.

ಹೊರಗಿನ ತಜ್ಞರು ನನ್ನನ್ನು ಪೂರ್ತಿ ನಂಬಿರಲಿಲ್ಲ. ಒಂದೇ ಹಾಳೆ ಸಾಲದು, ಅದೇ ಗುಡ್ಡದಿಂದ ಇನ್ನೊಂದು ತಂದು ತೋರಿಸಿ ಎಂದರು. ಹಲಗತ್ತಿ ಸರ್ ಎರಡು ಮೂರು ಮಳೆಗಾಲ ಹುಡುಕಿದರು, ಆಮೇಲೆ ಮೊಣಕಾಲು ಸೋತಿತು. ಅಷ್ಟರಲ್ಲಿ ಕಾಶೀಬಾಯಿ ಅದೇ ಕಾಲೇಜಿನಲ್ಲಿ ಪಾಠ ಹೇಳಲು ಬಂದಿದ್ದಳು. ಸರ್ ನಿವೃತ್ತರಾದ ದಿನ ನನ್ನ ಹೊದಿಕೆಯನ್ನು ಅವಳ ಕೈಗೆ ಕೊಟ್ಟು, "ಇನ್ನೊಂದು ಸಿಗೂ ತನಕ ಇದರ ಹೂವು ಯಾರಿಗೂ ಮುಟ್ಟಗೊಡಬ್ಯಾಡ. ಇರೂದು ಇದೊಂದಽ. ಮತ್ತ ಹುಡುಕೂದು ಬಿಡಬ್ಯಾಡ ತಂಗಿ" ಎಂದರು. ಮುಂದೆ ಕೆಲವು ವರ್ಷಕ್ಕೆ ಅವರು ತೀರಿಹೋದರು.

ಅವಳು ಬಿಡಲಿಲ್ಲ. ಶ್ರಾವಣ ಬಂತೆಂದರೆ ಚೀಲ ಹೆಗಲಿಗೆ ಹಾಕಿ ಗಿಳಿಕಲ್ಲ ಗುಡ್ಡಕ್ಕೆ ಹೊರಡುತ್ತಿದ್ದಳು. ಮೊದಮೊದಲು ಮಕ್ಕಳ ಜೊತೆ, ಆಮೇಲೆ ಒಬ್ಬಳೇ. ಮದುವೆಯ ಮಾತು ಬಂದರೆ "ಶ್ರಾವಣ ಒಂದು ಮುಗೀಲಿ" ಎನ್ನುತ್ತಿದ್ದಳಂತೆ. ಜೊತೆಯ ಮಾಸ್ತರರು ನನ್ನ ಕಪಾಟಿಗೆ ಒರಗಿ ನಿಂತು ಹೇಳಿಕೊಂಡು ನಗುತ್ತಿದ್ದರು. ಶ್ರಾವಣಗಳು ಮುಗಿಯುತ್ತ ಹೋದವು, ಕೂದಲು ನರೆಯಿತು, ಮಾತು ತರುವವರೂ ನಿಂತರು. ಅವಳು ಹುಡುಕುತ್ತಿದ್ದದ್ದು ನನ್ನ ಎಲೆ ಮತ್ತು ಪಾವಟೆಯ ಹೂವು ಒಂದೇ ಮೈಯಲ್ಲಿರುವ ಬಳ್ಳಿ. ಪ್ರಪಂಚ ಪೂರ್ತಿ ಹುಡುಕಿದರೂ ಸಿಗುವಂಥದ್ದಲ್ಲ. ಪ್ರತಿಸಲ ತಿರುಗಿ ಬಂದು ನನ್ನನ್ನು ಮೇಜಿನ ಮೇಲೆ ಬಿಡಿಸಿಟ್ಟು, ಬೆವರು ಒರೆಸಿಕೊಳ್ಳುತ್ತ ಸುಮ್ಮನೆ ಕೂರುತ್ತಿದ್ದಳು. ಅವಳ ಚಪ್ಪಲಿಗೆ ನಮ್ಮ ಗುಡ್ಡದ ಕೆಂಪು ಮಣ್ಣು ಮೆತ್ತಿರುತ್ತಿತ್ತು. ಆ ಮಣ್ಣಿನ ವಾಸನೆಗಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ.

ಒಂದು ಸಂಜೆಯನ್ನು ಮಾತ್ರ ನೆನೆದರೆ ಈಗಲೂ ಎದೆ ಹಿಂಡುತ್ತದೆ. ಅವಳು ಗುಡ್ಡದಿಂದ ತಂದ ಬಳ್ಳಿಯೊಂದನ್ನು ಒಣಗಿಸಿ ನನ್ನ ಪಕ್ಕಕ್ಕೇ ಇಟ್ಟಳು. ಅದು ನನ್ನ ಒಡಹುಟ್ಟು. ಅದೇ ಎಲೆ, ಅದೇ ನರ, ಅದೇ ತಿರುಚು. ಅದರ ಮೈಮೇಲೆ ನಾನು ಅರಳಿಸಲಾಗದೆ ಹೋದ ಆ ಮಬ್ಬು ಹಸಿರು ಹೂಗಳು, ನಡುವೆ ಕಿರೀಟ ಸಮೇತ. ಇಷ್ಟು ವರ್ಷಗಳ ಮೇಲೆ ನಮ್ಮವರ ಮುಖ ನೋಡಿದ್ದು ಅವತ್ತು. ಕಾಶೀಬಾಯಿ ಇಬ್ಬರ ಮೇಲೂ ಮಸೂರ ಹಿಡಿದು ಹಿಂದೆ ಮುಂದೆ ನೋಡಿದಳು. ನೋಡವ್ವಾ, ಇನ್ನೊಂದು ಸ್ವಲ್ಪ ನೋಡು ಎಂದು ನಾನು ಬೇಡಿಕೊಂಡೆ. ಅವಳ ಹಣೆ ಗಂಟಿಕ್ಕಿತು. ಕೈ ತಡೆಯಿತು. ಕೊನೆಗೆ, "ಎಲಿ ಅದಽ ಐತಿ. ಆದರ ಹೂವು ಬ್ಯಾರೆ. ಎಲಿ ಸುಳ್ಳು ಹೇಳತಾವು" ಎಂದು ನಿಟ್ಟುಸಿರು ಬಿಟ್ಟಳು. ಹೊಸಬನಿಗೆ ಊರ ಬೇಲಿಗಳಲ್ಲೆಲ್ಲ ಸಿಗುವ ಸಾಮಾನ್ಯ ಬಳ್ಳಿಯ ಹೆಸರು ಬರೆದು ಎಕ್ಕದ ಕಪಾಟಿಗೆ ಸೇರಿಸಿದಳು. ಆ ಬಾಗಿಲು ಮುಚ್ಚಿದ ಸಪ್ಪಳಕ್ಕೆ ನನಗೆ ಅಳು ಬಂತು. ಹಾಳೆಯ ಮೇಲಿನ ಗಿಡ ಅಳುವುದು ಯಾರಿಗೂ ಕಾಣಿಸುವುದಿಲ್ಲ.

ಹೀಗೆ ಅವಳ ನಿವೃತ್ತಿಯ ವರ್ಷ ಬಂತು. ಆ ಮಳೆಗಾಲದಲ್ಲಿ ವಿಜಯಪುರದ ಕಡೆಯ ತಸ್ನೀಮ್ ಎಂಬ ಸಂಶೋಧಕಿ ಬಂದಳು. ಕಾಫಿ ಕುಟುಂಬದ ಮೇಲೆ ಅವಳ ಅಧ್ಯಯನ. ನಮ್ಮ ಕಪಾಟನ್ನು ಒಂದೊಂದೇ ಹೊದಿಕೆಯಾಗಿ ಬಿಚ್ಚುತ್ತ ನನ್ನವರೆಗೆ ಬಂದಳು. ಚಿಕ್ಕ ವಯಸ್ಸು, ಅವಸರವಿಲ್ಲದ ಕೈ. ನನ್ನನ್ನು ಸೂಕ್ಷ್ಮದರ್ಶಕದ ಕೆಳಗೆ ಸರಿಸಿ ಬಹಳ ಹೊತ್ತು ನೋಡಿದಳು. ಮೊದಲು ಹೂವಿನ ತೊಟ್ಟು. ಆಮೇಲೆ ನನ್ನ ಒಂದೊಂದು ಎಲೆಯ ಬುಡ. ಮತ್ತೆ ತೊಟ್ಟು.

"ಮೇಡಂ, ಒಂದು ಮಾತು ಕೇಳಲ್ರೀ? ಈ ಹೂವು ಯಾವ ಗೆಣ್ಣಿನಿಂದ ಬಂದದ? ತೊಟ್ಟಿನ ತುದಿ ಅಂಟಿನ್ಯಾಗ ಬಿಟ್ರ ಎಲ್ಲೂ ಕೂಡಿಲ್ಲ. ಬಳ್ಳಿ ಮ್ಯಾಲೆ ಇಂಥಾ ತೊಟ್ಟು ಕಳಚಿದ ಗುರುತೂ ಇಲ್ಲ."

"ಒಣಗಸೂವಾಗ ಕಳಚಿದ್ದು ಅದು. ಮಡಿಕಿಯೊಳಗ ನನಗಽ ಸಿಕ್ಕಿತ್ತು," ಎಂದಳು ಕಾಶೀಬಾಯಿ.

"ಮತ್ತ ಎಲಿ ನಡುವಿನ ಹುರುಪಿ?"

"ಉದುರ್ಯಾವು."

"ಎಲ್ಲಾ ಗೆಣ್ಣಿನ್ಯಾಗೂ? ಒಂದು ಗುರುತೂ ಬಿಡದ?"

ಕಾಶೀಬಾಯಿ ಬಗ್ಗಿ ಒಂದೊಂದೇ ಗೆಣ್ಣನ್ನು ನೋಡಿದಳು. ತಸ್ನೀಮ್ ಇನ್ನೂ ಮೆಲ್ಲಗೆ ಹೇಳಿದಳು: "ಈ ಪಟ್ಟಿ ಕೆಳಗ ಒಂದು ಮೊಗ್ಗಿದ್ದಂಗ ಕಾಣತದರಿ. ಪಟ್ಟಿ ಎತ್ತಿ ಬಿಸಿನೀರಾಗ ನೆನಸಿ ಬಿಚ್ಚಿ ನೋಡಬೇಕು. ನೀವು ಹೂಂ ಅಂದ್ರ ಮಾತ್ರ."

ಕಾಶೀಬಾಯಿ ಎದ್ದು ಕಿಟಕಿಯ ಹತ್ತಿರ ಹೋದಳು. ಬೇಡ ಎಂದಿದ್ದರೆ ಆ ಹುಡುಗಿ ಅಲ್ಲಿಗೇ ಬಿಡುತ್ತಿದ್ದಳು. ಇನ್ನು ಕೆಲವು ತಿಂಗಳಲ್ಲಿ ಗೌರವದಿಂದ ಮನೆಗೆ ಹೋಗಬಹುದಿತ್ತು, ಹೆಸರು ಹಾಗೆಯೇ ಉಳಿಯುತ್ತಿತ್ತು. ಗುರುಗಳ ಮಾತು ಒಂದು ಕಡೆ. ಟೋಪಿ ಕೈಯಲ್ಲಿ ಹಿಡಿದು ನಿಂತ ಅಪ್ಪ ಇನ್ನೊಂದು ಕಡೆ. ಅವಳ ಬೆನ್ನನ್ನಷ್ಟೇ ನಾನು ನೋಡುತ್ತಿದ್ದೆ. ನನಗೆ ಅವಳ ಮೇಲೆ ಕರುಣೆ ಬಂತು, ಆದರೂ ಬಿಚ್ಚು ಎನ್ನಲಿ ಎಂದೇ ಹಂಬಲಿಸಿದೆ.

ತಿರುಗಿ ಬಂದು ಕೂತಳು. "ಬಿಚ್ಚವಾ" ಎಂದಳು.

ತಸ್ನೀಮ್ ಪಟ್ಟಿ ನೆನೆಸಿ ಎತ್ತಿದಳು. ಅಷ್ಟು ವರ್ಷ ಉಸಿರು ಕಟ್ಟಿದ್ದ ನನ್ನ ಮೊಗ್ಗು ಗಾಜಿನ ಬಟ್ಟಲಿನ ಬಿಸಿನೀರಲ್ಲಿ ಉಬ್ಬಿ ಮೆತ್ತಗಾಯಿತು. ಸೂಜಿಯ ಮೊನೆಯಿಂದ ಎಸಳು ಸರಿಸಿದಳು. ಒಳಗಿನ ಎಳೆಯ ಕಿರೀಟ ಸರಿಸಿದಳು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, "ನೀವಽ ನೋಡ್ರಿ ಮೇಡಂ" ಎಂದಳು.

ಒಂದು ಕೊಕ್ಕೆಗೆ ಸಿಕ್ಕಿಸಿದ ಎರಡು ಹಳದಿ ಚೀಲ. ಎಕ್ಕದ ಹೂವು ಸೀಳಿ ಪ್ರತಿವರ್ಷ ಮಕ್ಕಳಿಗೆ ಅವಳು ತೋರಿಸುತ್ತಿದ್ದದ್ದು ಅದನ್ನೇ. ಕಾಶೀಬಾಯಿ ನೋಡಿಯೇ ನೋಡಿದಳು. ಆಮೇಲೆ ಎದ್ದು ಎದುರಿನ ಕಪಾಟಿಗೆ ನಡೆದಳು, ಹುಡುಕಬೇಕಾಗಿಯೇ ಇಲ್ಲ ಎಂಬಂತೆ ಒಂದು ಹೊದಿಕೆ ಎಳೆದಳು, ನನ್ನ ಒಡಹುಟ್ಟನ್ನು ತಂದು ನನ್ನ ಪಕ್ಕಕ್ಕೆ ಇಟ್ಟಳು.

"ಇದನ್ನ ನಾನಽ ತಂದಿದ್ದೆ. ನಾನಽ ಅಲ್ಲಿ ಇಟ್ಟು ಬಂದೆ," ಎಂದಳು. "ಗುಡ್ಡದಾಗ ಎಲ್ಲಿ ನೋಡಿದಲ್ಲಿ ಇದಽ ಐತಿ. ಕಾಲಿಗೆ ತೊಡರತಿತ್ತು. ಬಿಡಿಸಿಕೊಂಡು ಮುಂದ ಹೋಗತಿದ್ದೆ, ಇದನ್ನ ಹುಡುಕಾಕ."

ತಸ್ನೀಮಳ ಕಣ್ಣು ಒದ್ದೆಯಾದವು. "ಮೇಡಂ, ಈಗಽ ಬರಿಯೂದಿಲ್ರಿ. ನಿಮ್ಮ ನಿವೃತ್ತಿ ಆಗಲಿ. ಒಂದೆರಡು ವರ್ಷ ತಡ ಆದ್ರ ಏನೂ ಮುಳುಗೂದಿಲ್ಲ."

"ಬ್ಯಾಡ. ನೀ ಬರೀಬ್ಯಾಡ, ನಾನಽ ಬರೀತೀನಿ." ಕಾಶೀಬಾಯಿ ತನ್ನ ಬಲಗೈಯ ಬೆರಳನ್ನು ನೋಡಿಕೊಂಡಳು. "ನನ್ನ ಕೈಗೆ ಹಾಲು ಹತ್ತಿತ್ತವಾ. ಇದರದಽ ಹಾಲು. ಸರ ಅಲ್ಲ ಅಂದ್ರು, ನಾ ಹೌದಂದೆ. ಅವರ ಕಣ್ಣು ನಂಬಿದೆ, ನನ್ನ ಬೆರಳು ನಂಬಲಿಲ್ಲ."

ಹಾಗೆಂದು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಅವಳು ಅತ್ತದ್ದು ನಾನು ನೋಡಿದ್ದು ಅದೊಂದೇ ಸಲ.

ಬರೆದಳು. ಅಚ್ಚಾಯಿತು. ತನ್ನ ಹೆಸರಿನ ಪ್ರಭೇದ ಎಂದೂ ಇರಲೇ ಇಲ್ಲವೆಂದು ತಾನೇ ಸಾರಿದ ಅವಳನ್ನು ಕೆಲವರು ಹೊಗಳಿದರು, ಕೆಲವರು ಬೆನ್ನ ಹಿಂದೆ ಕಿಸಕ್ಕೆಂದರು. ನನ್ನ ಹಾಳೆಯ ಹಳೆಯ ಚೀಟಿಯನ್ನು ಕೀಳಲಿಲ್ಲ, ಹರ್ಬೇರಿಯಂನಲ್ಲಿ ತಪ್ಪು ಚೀಟಿಯನ್ನೂ ಕೀಳುವಂತಿಲ್ಲ. ಅದರ ಪಕ್ಕಕ್ಕೆ ಹೊಸದೊಂದನ್ನು ತನ್ನ ಕೈಯಾರೆ ಬರೆದು ಹಚ್ಚಿದಳು. ಊರ ಬೇಲಿಯ ಬಳ್ಳಿ, ಎಕ್ಕದ ಕುಟುಂಬ. ಹೂವನ್ನು ಬಿಸಿನೀರಿನಿಂದ ಬಿಡಿ‌ಸಿ, ಪೊಟ್ಟಣಕ್ಕೆ ಹಾಕಿ, ಪಾವಟೆಯ ಹೊದಿಕೆಗೆ ಕಳಿಸಿದಳು. ನನ್ನನ್ನು ಎದುರಿನ ಕಪಾಟಿಗೆ ಒಯ್ದಳು.

ಮನೆಗೆ ಬಂದೆ. ಎಷ್ಟು ವರ್ಷದ ಆಸೆ! ಮೇಲೆ ಕೆಳಗೆ ಎಲ್ಲ ನಮ್ಮವರೇ. ಮೊದಲ ಕೆಲವು ದಿನ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಆಮೇಲೆ ಒಂದೊಂದೇ ತಿಳಿಯುತ್ತ ಹೋಯಿತು. ಇವರೆಲ್ಲ ಒಟ್ಟಿಗೆ ಹಳಬರಾದವರು. ಎಲ್ಲರಿಗೂ ಅವರವರ ಹೂವಿದೆ. ನನ್ನ ಒಂದು ಮೊಗ್ಗು ಸೂಜಿಗೆ ಸಿಕ್ಕಿ ಚೂರಾಗಿ ಚಿಕ್ಕ ಪೊಟ್ಟಣದಲ್ಲಿದೆ. ಒಡಹುಟ್ಟು ನನ್ನ ಮೇಲೆಯೇ ಮಲಗಿದೆ, ಆದರೆ ಅದಕ್ಕೆ ನನ್ನ ಜೊತೆ ಆಡಲು ಯಾವ ಮಾತಿದೆ? ಹಾಳೆಯ ಮೇಲ್ಭಾಗದಲ್ಲಿ ಹೂವಿದ್ದ ಜಾಗವೊಂದು ಮಾತ್ರ ಬೆಳ್ಳಗೆ ಉಳಿದಿದೆ. ಹೇಳಲು ನಾಚಿಕೆಯಾಗುತ್ತದೆ, ನನಗೆ ಆ ಹೂವಿನ ನೆನಪು ಬಹಳ ಕಾಡುತ್ತದೆ. ಅದು ನನ್ನದಲ್ಲ, ನಿಜ. ಆದರೆ ಅಷ್ಟು ವರ್ಷ ನನ್ನ ಪಕ್ಕದಲ್ಲಿದ್ದದ್ದು ಅದೊಂದೇ.

ಈ ಶ್ರಾವಣದಲ್ಲಿ ಕಾಶೀಬಾಯಿ ಬಂದಳು. ನಿವೃತ್ತಳಾಗಿ ವರ್ಷವಾಗಿದೆ, ಕೋಣೆಯ ಕೀಲಿ ಈಗ ಬೇರೆಯವರ ಕೈಯಲ್ಲಿದೆ. ಕೇಳಿಕೊಂಡು ಬಾಗಿಲು ತೆಗೆಸಿದಳು. ನನ್ನನ್ನು ಹೊರಗೆ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು, ಕುರ್ಚಿ ಎಳೆದುಕೊಂಡು ಕೂತಳು. ಹೊರಗೆ ಜಿಟಿಜಿಟಿ ಮಳೆ. ಅವಳ ಚಪ್ಪಲಿ ತೊಳೆದಿಟ್ಟಂತೆ ಸ್ವಚ್ಛವಾಗಿತ್ತು, ಒಂದು ಕಣ ಕೆಂಪು ಮಣ್ಣಿಲ್ಲ. ಚೀಲವೂ ಇರಲಿಲ್ಲ.

ಮೊದಲ ಸಲ ನನ್ನ ಜೊತೆ ಮಾತಾಡಿದಳು.

"ನೀ ಸಿಕ್ಕಿ, ಛಲೋ ಆತು. ಆದರ ಈ ಸಲ ಶ್ರಾವಣದಾಗ ನಾ ಎಲ್ಲಿಗೆ ಹೋಗಲವಾ?"

ನನಗೂ ಗೊತ್ತಿರಲಿಲ್ಲ. ಅವಳು ಎದ್ದು ಹೋಗದಿದ್ದರೆ ಸಾಕು ಎನಿಸಿತು.